ದಡಕ್ಕೆ ತಂದವರೇ ಕಸದ ಒಡೆಯರು

ಕಡಲ ಮಾಲಿನ್ಯ ನಿಯಂತ್ರಣಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಕಾನೂನು ನನ್ನ ತಮ್ಮನನ್ನು ಕೊಂದಿದೆ. ಮರ್ಯಾದೆಯಾಗಿ ಬರೆಯಬೇಕೆಂದೇ ಕೂತೆ. ಇದಕ್ಕಿಂತ ಮರ್ಯಾದೆಯ ಮಾತು ಹೊಳೆಯಲಿಲ್ಲ.

ಸಮುದ್ರದ ಪ್ಲಾಸ್ಟಿಕ್ ತೊಲಗಿಸಲು ನೀವು ಮಾಡಿದ ನಿಯಮ ಎಷ್ಟು ಸೊಗಸಾಗಿದೆ ಎಂಬುದು ಬಂದರಿನ ಹೊರಗಿನವರಿಗೂ ತಿಳಿಯಲಿ. ಕಸವನ್ನು ಯಾರು ದಡಕ್ಕೆ ಇಳಿಸುತ್ತಾರೋ ಅವರೇ ಅದರ ಒಡೆಯರು. ವಿಲೇವಾರಿಯ ಪರವಾನಗಿ ಅವರಲ್ಲಿರಬೇಕು, ಇಲ್ಲದಿದ್ದರೆ ಮೊಕದ್ದಮೆ. ನೀರಿಗೆ ಎಸೆದವನನ್ನು ಹಿಡಿಯೋಣವೆಂದರೆ ಅವನ ಹಡಗು ಯಾವ ಬಾವುಟದ್ದೋ, ಆ ನೀರು ಯಾರ ಸರಹದ್ದೋ! ಅಷ್ಟೆಲ್ಲ ತಲೆನೋವು ಯಾರಿಗೆ ಬೇಕು? ಎತ್ತಿ ತಂದವನಾದರೆ ಕೈಗೆ ಸಿಗುತ್ತಾನೆ, ಮನೆಯ ವಿಳಾಸವೂ ಗೊತ್ತಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಿಮ್ಮ ಕಚೇರಿಯನ್ನು ನೋಡಿಯೇ ಹುಟ್ಟಿರಬೇಕು.

ನಾನು ಬಂದರಿನ ಷೆಡ್ಡಿನಲ್ಲಿ ಹರಿದ ಬಲೆಗಳನ್ನು ಹೆಣೆದು ಸರಿಮಾಡುವವಳು. ನನ್ನ ಗಂಡ ದೋಣಿ ನಡೆಸುತ್ತಾರೆ. ನನ್ನ ತಮ್ಮ ಅದರಲ್ಲಿ ಬಲೆ ಎಳೆಯುತ್ತಿದ್ದ. ಮೊದಲೆಲ್ಲ ಮೀನಿನ ಜೊತೆ ಸಿಕ್ಕ ಬಾಟಲಿ, ಚೀಲ, ಹಗ್ಗಗಳನ್ನು ದೋಣಿಯ ಮೂಲೆಯಲ್ಲಿ ಒಟ್ಟಿ ದಡಕ್ಕೆ ತರುತ್ತಿದ್ದರು. ಕಳೆದ ವರ್ಷ ಅದಕ್ಕಾಗಿಯೇ ನಿಮ್ಮವರು ನನ್ನ ಗಂಡನ ಮೇಲೆ ಕೇಸು ಹಾಕಿ ದೋಣಿಯನ್ನು ವಶಪಡಿಸಿಕೊಂಡರು. ಕೋರ್ಟಿಗೆ ಅಲೆದು ಅಲೆದು, ದಂಡ ಕಟ್ಟಿ ಅದನ್ನು ಬಿಡಿಸಿಕೊಂಡೆವು. ಅಂದಿನಿಂದ ಇಡೀ ಬಂದರು ಪಾಠ ಕಲಿಯಿತು: ಸಿಕ್ಕಿದ್ದನ್ನು ಸಿಕ್ಕಲ್ಲೇ ಬಿಡು.

ಹೋದ ತಿಂಗಳು ನನ್ನ ಗಂಡನ ಬಲೆಯೊಳಗೆ ಯಾರೋ ಬಿಸಾಡಿದ್ದ ದೊಡ್ಡ ಹಸಿರು ನೈಲಾನ್ ಬಲೆಯೊಂದು ಸಿಕ್ಕಿತು. ಅದರೊಳಗೊಂದು ಕೊಳೆತ ಆಮೆ.

"ಭಾವ, ದಡಕ್ಕೆ ತಗೊಂಡು ಹೋಗೋಣ. ಇಲ್ಲೇ ಬಿಟ್ರೆ ಯಾರದಾದ್ರೂ ಎಂಜಿನ್ ಫ್ಯಾನಿಗೆ ಸುತ್ಕೊಳ್ಳುತ್ತೆ," ಎಂದನಂತೆ ತಮ್ಮ.

"ಬೇಡಪ್ಪಾ, ಕೈ ಮುಗೀತೀನಿ. ಇನ್ನೊಂದ್ಸಲ ಕೋರ್ಟ್ ಮೆಟ್ಟಿಲು ಹತ್ತೋ ಶಕ್ತಿ ನಂಗಿಲ್ಲ," ಎಂದರಂತೆ ಇವರು.

ಬೈದುಕೊಳ್ಳುತ್ತಲೇ ಅವನು ಅದನ್ನು ನೀರಿಗೆ ತಳ್ಳಿದ. ಅದೇ ವಾರ ಅದೇ ಬಲೆ, ನೀರಿನೊಳಗೆ ತಿರುಗಿ ದೋಣಿಯನ್ನು ಮುಂದೆ ತಳ್ಳುವ ನಮ್ಮ ಫ್ಯಾನಿಗೇ ಸುತ್ತಿಕೊಂಡಿತು. ಎಂಜಿನ್ ನಿಂತಿತು, ಗಾಳಿ ಎದ್ದಿತ್ತು. ಚಾಕು ಹಿಡಿದು ಕೆಳಗೆ ಮುಳುಗಿದವನು ನನ್ನ ತಮ್ಮ. ಬಲೆ ಅವನ ಕಾಲಿಗೂ ಸುತ್ತಿಕೊಂಡಿತು. ಹೆಣವನ್ನು ಬಿಡಿಸಿಕೊಂಡ ಮೇಲೆ ಬಲೆಯನ್ನು ಏನು ಮಾಡಿದರು ಗೊತ್ತೇ? ಮತ್ತೆ ನೀರಿಗೇ ಬಿಟ್ಟರು. ನಿಮ್ಮ ಭಯ ಅಷ್ಟಿತ್ತು! ಅದನ್ನು ಕೇಳಿ ನಾನು ಇವರ ಎದೆಗೆ ಗುದ್ದಿ ಗುದ್ದಿ ಅತ್ತೆ.

ದೂರು ಕೊಡಲು ನಿಮ್ಮ ಕಚೇರಿಗೆ ಬಂದೆ.

"ಬಲೆ ಯಾರದಮ್ಮಾ?" ಎಂದರು ಗುಮಾಸ್ತರು.

"ಅದು ಗೊತ್ತಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

"ಒಡೆಯರೇ ಇಲ್ಲದ ವಸ್ತು ಮೇಲೆ ದೂರು ತಗೊಳ್ಳೋಕಾಗಲ್ಲ. ಅಷ್ಟು ದೂರದ ನೀರೂ ನಮಗೆ ಸೇರಲ್ಲ."

ನಿಮಗೆ ಸೇರದ ನೀರಿನ ಕಸ, ಬಡವನ ದೋಣಿ ಹತ್ತಿದೊಡನೆ ನಿಮಗೆ ಸೇರುವುದು ಹೇಗೆ ಸ್ವಾಮೀ?

ನನ್ನ ಗಂಡ ಮತ್ತೆ ಅದೇ ನೀರಿಗೆ ಹೋಗುತ್ತಿದ್ದಾರೆ; ಹೊಟ್ಟೆ ಕೇಳಬೇಕಲ್ಲ. ಆ ಬಲೆಯೂ ಅಲ್ಲೇ ಎಲ್ಲೋ ಇದೆ. ಅವರು ಮನೆಗೆ ಬರುವವರೆಗೆ ನನ್ನ ಜೀವದಲ್ಲಿ ಜೀವವಿರುವುದಿಲ್ಲ. ಆದ್ದರಿಂದ ಕಸ ಎತ್ತಿ ತಂದವರನ್ನು ಅಪರಾಧಿಗಳಾಗಿಸುವ ಆ ನಿಯಮವನ್ನು ಕಿತ್ತುಹಾಕಿ, ಅದನ್ನು ಇಳಿಸಲು ಬಂದರಿನಲ್ಲಿ ಜಾಗ ಕೊಡಿ. ಕೊಡದಿದ್ದರೂ, ಆ ಬಲೆ ಸಿಕ್ಕಿದ ದಿನ ನಾನೇ ಅದನ್ನು ಹೊತ್ತು ತಂದು ನಿಮ್ಮ ಮೇಜಿನ ಮೇಲೆ ಹಾಕುತ್ತೇನೆ. ಒಡತಿ ನಾನೇ ಎಂದು ಬರೆದುಕೊಳ್ಳಿ. ಆಗ ಬಲೆಗೊಬ್ಬರು ಒಡೆಯರಾದರಲ್ಲ, ನನ್ನ ತಮ್ಮನ ಸಾವಿನ ದೂರನ್ನೂ ತೆಗೆದುಕೊಳ್ಳಬಹುದು. ಕೇಸನ್ನು ನನ್ನ ಮೇಲೆಯೇ ಹಾಕಿ.

ಇಂತಿ,
ಕೊಂದ ಬಲೆಯ ಒಡತಿಯಾಗಲು ಸಿದ್ಧಳಿರುವ,
ಸತ್ತವನ ಅಕ್ಕ