ಸಿಡುಮೂತಿ ಡಾಕ್ಟರ ಕೆಂಪು ಗೆರೆ

ಮನೆಯಿಂದ,
ತಾ. ಹದಿನಾಲ್ಕು, ಭಾನುವಾರ ಮಧ್ಯಾಹ್ನ

ನನ್ನ ತಮ್ಮಯ್ಯಾ,

ಹೇಗಿದ್ದೀಯೋ? ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಕೈ ವಾಸಿಯಾಯ್ತಾ? ಮುಲಾಮು ಹಚ್ಚು ಅಂದ್ರೆ ಹೂಂ ಅಂತೀಯ, ಹಚ್ಚಲ್ಲ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ನಾನು ಇದ್ದೀನಿ, ಅಷ್ಟೇ. ಸ್ಕೂಲ್ ಯೂನಿಫಾರಂ ಹೊಲಿಯೋ ಕಾಲ, ಮೆಷಿನ್ ಮುಂದೆ ಕೂತರೆ ಹೊತ್ತು ಹೋಗುತ್ತೆ. ಮೊನ್ನೆ ಒಂದು ಷರ್ಟಿಗೆ ಎರಡೂ ಕಡೆ ಎಡಗೈ ತೋಳೇ ಹಚ್ಚಿಟ್ಟಿದ್ದೆ. ಅಮ್ಮ ಇದ್ದಿದ್ರೆ ಸೂರು ಹಾರಿಹೋಗೋ ಹಾಗೆ ನಗೋಳು. ಈಗ ನಾನೇ ಬಿಚ್ಚಿ, ನಾನೇ ಹೊಲಿದೆ.

ಕೇಸಿನ ವಿಷಯ ಫೋನಲ್ಲಿ ಹೇಳೋಕಾಗಲ್ಲ. ನೀನು ಅರ್ಧ ಕೇಳಿ ಕೂಗಾಡ್ತೀಯ, ಅಷ್ಟರಲ್ಲಿ ಲೈನು ಕಟ್ಟಾಗುತ್ತೆ. ಸಿಡುಮೂತಿ ಡಾಕ್ಟರ ಮೇಲೆ ಕೇಸು ಹಾಕೋಣ ಅಂದಾಗ ನಿನಗಿಂತ ನನಗೇ ಹೊಟ್ಟೆ ಉರೀತಿತ್ತು. ಆ ಹೆಸರಿಟ್ಟಿದ್ದೂ ಅಮ್ಮನೇ. ಕಾಲಿನ ಗಾಯ ಕೀವಾಗಿದೆ ಅಂತ ಅಮ್ಮನನ್ನ ಆಸ್ಪತ್ರೆಗೆ ಸೇರಿಸಿದ ದಿನ ಅವರು ತಲೆ ಎತ್ತದೆ ಪೊಲೀಸಿನವರ ಹಾಗೆ ಪ್ರಶ್ನೆ ಕೇಳಿದ್ರು. ಯಾವ ಔಷಧಿ ಆಗಿಬರಲ್ಲ ಅಂತ ಎರಡು ಸಲ ಗದರಿದ್ರು. ನಾನು ಹೆದರಿ ಚೀಲ ಸುರಿದು ಹಳೇ ಚೀಟಿಗಳನ್ನೆಲ್ಲ ಮುಂದಿಟ್ಟೆ. ಅವರು ಏನೋ ಗೀಚಿಕೊಂಡ್ರು. ಅಮ್ಮ, "ನಾನು ಉಳೀತೀನಾ ಡಾಕ್ಟ್ರೇ?" ಅಂದ್ರೆ, ನರ್ಸ್ ಕಡೆ ತಿರುಗಿ "ಮುಂದಿನ ಬೆಡ್" ಅಂದ್ರು. ಅಮ್ಮ ಹೋದ ಸಂಜೆ ಬಾಗಿಲಲ್ಲೇ ನಿಂತು, "ಹೃದಯ ನಿಂತಿದೆ, ಫಾರಂಗೆ ಸೈನ್ ಮಾಡಿ" ಅಂದ್ರು. ಫಾರಂ ಅಂತೆ, ಫಾರಂ! ಅಯ್ಯೋ ಪಾಪ ಅಂತ ಒಂದೇ ಒಂದು ಮಾತು ಆಡಿದ್ರೆ ನಾನು ವಕೀಲರ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ ಕಣೋ.

ಇನ್ನೊಬ್ಬಳು ಚಿಕ್ಕ ಡಾಕ್ಟರು. ಅವಳನ್ನ ಅಮ್ಮ "ನನ್ನ ಎರಡನೇ ಮಗಳು" ಅಂತಿದ್ಲು. ಮಂಚದ ಮೇಲೇ ಕೂತು ಅಮ್ಮನ ತಲೆ ಬಾಚೋಳು. "ನಿನಗಿಂತ ಚೆನ್ನಾಗಿ ಜಡೆ ಹಾಕ್ತಾಳೆ ಕಣೇ" ಅಂತ ಅಮ್ಮ ನನ್ನ ಚುಡಾಯಿಸೋಳು. ಮೂರನೇ ದಿನ ಔಷಧಿ ಬದಲಾಯಿಸುವಾಗ, ನಗುನಗುತ್ತಾ ಅದೂ ಇದೂ ಮಾತಿನ ಮಧ್ಯೆ, "ಔಷಧಿಯಿಂದ ಏನೂ ತೊಂದರೆ ಇಲ್ವಲ್ಲ ಅಕ್ಕಾ?" ಅಂದ್ಲು. ಅಕ್ಕಾ ಅಂದಳಲ್ಲ ಅಂತ ನಾನು ಹಿಗ್ಗಿಹೋದೆ. ಒಂದು ಸಲ ಹೇಳಿ ಆಗಿದೆಯಲ್ಲ, ಮತ್ತೆ ಯಾಕೆ ಇವಳಿಗೆ ರಗಳೆ ಅಂತ, "ಏನಿಲ್ಲ ಡಾಕ್ಟ್ರೇ" ಅಂದೆ. ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷ ಆಗಿರಲಿಲ್ಲ, ಅಮ್ಮನಿಗೆ ಉಸಿರು ಕಟ್ಟಿತು. ಆಮೇಲೆ ಒಂದು ದಿನ ಅವಳು ಮನೆಗೂ ಬಂದಿದ್ಲು. ಅಡುಗೆಮನೆ ನೆಲದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ನಾನೇ ನೀರು ಕೊಟ್ಟು ಬೆನ್ನು ಸವರಿದೆ.

ಆ ಆಸ್ಪತ್ರೆಯಲ್ಲಿ ರೋಗಿಗೊಂದು ಪುಸ್ತಕ. ಡಾಕ್ಟರು ಬರೆಯೋದೆಲ್ಲ ಅದರಲ್ಲೇ, ಅದು ಇರೋದು ದಿಂಬಿನ ಕೆಳಗೆ. ಹೋದ ತಿಂಗಳ ವಿಚಾರಣೆಯಲ್ಲಿ ಸಿಡುಮೂತಿ ಡಾಕ್ಟರು "ಯಾವ ಔಷಧಿ ಆಗಲ್ಲ ಅಂತ ನಾನು ಕೇಳಿ ಬರೆದಿದ್ದೆ" ಅಂದ್ರು. ಆಸ್ಪತ್ರೆಯವರು ಪುಸ್ತಕ ಸಿಗ್ತಿಲ್ಲ ಅಂದ್ರು. ಚಿಕ್ಕ ಡಾಕ್ಟರು ತಲೆ ತಗ್ಗಿಸಿ ಕೂತಿದ್ಲು. ನನ್ನ ಕೇಳಿದಾಗ, "ಮುಖ ಎತ್ತಿ ನೋಡದವರು ಏನು ಬರೆದಾರು? ಏನೂ ಬರೆದಿಲ್ಲ" ಅಂದುಬಿಟ್ಟೆ. ಆಗ ಅವರು ಮೊದಲನೇ ಸಲ ಮುಖ ಎತ್ತಿ ನನ್ನ ನೋಡಿದ್ರು. ಅವತ್ತಿಂದ ಅವರನ್ನ ಕೆಲಸಕ್ಕೆ ಬರಬೇಡಿ ಅಂದಿದ್ದಾರಂತೆ.

ಗುರುವಾರ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣದೆ ಅಮ್ಮನ ಕನ್ನಡಕ ಬೇಕಾಯ್ತು. ಐದು ತಿಂಗಳಿಂದ ಮುಟ್ಟದೇ ಇದ್ದ ಆಸ್ಪತ್ರೆ ಚೀಲ ಬಿಚ್ಚಿದೆ. ಕನ್ನಡಕದ ಕೆಳಗೆ ಆ ಪುಸ್ತಕ ಇತ್ತು. ಮಂಚ ಖಾಲಿ ಮಾಡುವಾಗ ಆಯಾ ಎಲ್ಲದರ ಜೊತೆ ತುರುಕಿರಬೇಕು. ಮೊದಲನೇ ಪುಟದಲ್ಲೇ ಕೆಂಪು ಇಂಕಿನಲ್ಲಿ, ಈ ಔಷಧಿ ಕೊಡಕೂಡದು ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಸೈನು ಸಿಡುಮೂತಿಯವರದು. ಮೂರನೇ ಪುಟದಲ್ಲಿ ಅದೇ ಔಷಧಿ, ದುಂಡಗಿನ ಅಕ್ಷರ, ನಮ್ಮ ಎರಡನೇ ಮಗಳ ಸೈನು. ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದೆ. ಅವಳು ಪುಟ ತಿರುಗಿಸಲಿಲ್ಲ, ನನ್ನ ಮಾತು ನಂಬಿದಳು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದೆವಲ್ಲೋ. ಅದೂ ಕೈಯಾರೆ ನಾನೇ ಎಳೆದೆ. ಅವಳ ಮೇಲೆ ಕೋಪ ತರಿಸಿಕೊಳ್ಳೋಣ ಅಂದ್ರೆ ಆ ಜಡೆ ಕಣ್ಮುಂದೆ ಬರುತ್ತೆ. ಸಿಡುಮೂತಿಯವರ ಮೇಲೆ ಕನಿಕರ ಪಡೋಣ ಅಂದ್ರೆ "ಮುಂದಿನ ಬೆಡ್" ಕಿವೀಲಿ ಕೇಳುತ್ತೆ. ಊಟ ಸೇರ್ತಿಲ್ಲ, ಅಳುವೂ ಬರ್ತಿಲ್ಲ.

ಕೈಗೆ ಮುಲಾಮು ಹಚ್ಕೋ. ಯಾವ ನೀರಿನ ಮೇಲಿದ್ದರೂ ತಣ್ಣಗಿರಪ್ಪ.

ನಿನ್ನ ಅಕ್ಕ

ತಾ.ಕ.: ಪುಸ್ತಕ ಈ ಕವರಿನಲ್ಲೇ ಇದೆ. ಮನೆಯಲ್ಲಿದ್ರೆ ಒಲೆಗೆ ಹಾಕಿಬಿಡ್ತೀನೇನೋ ಅಂತ ಭಯ. ವಕೀಲರಿಗೆ ಹೇಳಿಲ್ಲ. ಏನು ಮಾಡಬೇಕೋ ನೀನೇ ಮಾಡು. ತೀರ್ಪು ಇನ್ನು ಹತ್ತು ದಿನಕ್ಕೆ. ನಿನ್ನ ಹಡಗಿಗೆ ಕಾಗದ ಮುಟ್ಟೋಕೆ ಒಂದು ತಿಂಗಳು ಬೇಕು ಅಂತ ಅಂಚೆಯವನು ಹೇಳಿದ. ಗೊತ್ತಿದ್ದೇ ಹಾಕ್ತಿದ್ದೀನಿ ಕಣೋ.