ಎಸಿ ಮುಚ್ಚಳದ ಮೇಲಿನ ತಾರೀಖುಗಳು

ಜುಲೈ 8, 2025, ಬೆಳಿಗ್ಗೆ

ಫೋನಿನಲ್ಲಿ ಮತ್ತೆ ಹೋಲ್ಡ್. ನಲವತ್ತು ನಿಮಿಷದಿಂದ ಅದೇ ದರಿದ್ರ ಪಿಯಾನೋ. ಫೋನು ಸ್ಪೀಕರಿಗೆ ಹಾಕಿ ಮೊಟ್ಟೆ ಬೇಯಿಸಿದೆ, ನನ್ನ ಗಂಡ ಆರ್ಲೋಗೆ ತಿನ್ನಿಸಿದೆ, ಪಾತ್ರೆನೂ ತೊಳೆದೆ. ಎಸಿ ಕೆಟ್ಟು ಆರು ದಿನ. ಫೀನಿಕ್ಸಿನ ಜುಲೈ — ಹೊರಗೆ ನೂರ ಹದಿಮೂರು ಫ್ಯಾರನ್‌ಹೀಟ್, ಒಳಗೆ ತೊಂಬತ್ತಾರು. ನನಗೆ ಬೆವರು ಸುರಿಯುತ್ತೆ, ಅಷ್ಟೇ. ಅವನ ನರದ ಕಾಯಿಲೆಗೆ ಸೆಕೆ ವಿಷ. ಮೈ ಬಿಸಿಯಾದರೆ ಕಾಲು ಸೋತೇ ಹೋಗುತ್ತೆ. ನಿನ್ನೆ ಬಚ್ಚಲಲ್ಲಿ ಬಿದ್ದ. ಇನ್ನೊಮ್ಮೆ ಬಿದ್ದರೆ ನರ್ಸಿಂಗ್ ಹೋಮಿಗೆ ಸೇರಿಸಿ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ.

ಕೊನೆಗೆ ವಾರಂಟಿ ಕಂಪನಿಯ ಟಾಶಾ ಸಿಕ್ಕಳು. "ನಿಮ್ಮ ತಾಳ್ಮೆಗೆ ಥ್ಯಾಂಕ್ಸ್ ಮೇಡಂ."

ಯಾರಿಗಿತ್ತಮ್ಮ ತಾಳ್ಮೆ?

ಜುಲೈ 9

ಕಂಪನಿಯ ಮೆಕ್ಯಾನಿಕ್ ಎಫ್ರಾಯಿನ್ ಬಂದ. ತಾರಸಿ ಹತ್ತಿ ಎಸಿ ಯಂತ್ರ ನೋಡಿ ಇಳಿದ. "ಕಂಪ್ರೆಸರ್ ಸುಟ್ಟಿದೆ ಮೇಡಂ. ಇಡೀ ಯಂತ್ರನೇ ಬದಲಾಯಿಸ್ಬೇಕು. ಒಳಗೆಲ್ಲ ಧೂಳು ಮೆತ್ಕೊಂಡಿದೆ... ಯಾರಾದ್ರೂ ತೊಳೀತಿದ್ರಾ?"

ಆರ್ಲೋಗೆ ಎಲ್ಲಿತ್ತೋ ಜೋರು. "ಯಾರಾದ್ರೂ ಅಂದ್ರೆ? ನಾನೇ ತೊಳೀತೀನಪ್ಪ! ಹನ್ನೊಂದು ವರ್ಷದಿಂದ, ಪ್ರತಿ ಮಾರ್ಚ್. ತೊಳೆದು ಮುಚ್ಚಳದ ಒಳಗಡೆ ತಾರೀಖು ಬರೀತೀನಿ."

ನಿಜವೇ. ಮಾರ್ಚಿನಲ್ಲಿ ಚರ್ಚಿನ ಹಳೇಬಟ್ಟೆ ಮಾರಾಟ ಮುಗಿಸಿ ನಾನು ಬರುವಷ್ಟರಲ್ಲಿ ಅಂಗಳದಲ್ಲಿ ಪೈಪು, ಇವನ ಅಂಗಿ ತೊಪ್ಪೆ, ಮುಖದ ತುಂಬ ಜಂಬ. ಕೋಲು ಹಿಡಿದ ಮೇಲೂ ಬಿಡಲಿಲ್ಲ. ಬೈದು ಬೈದು ನನಗೇ ಸಾಕಾಯ್ತು.

ಎಫ್ರಾಯಿನ್ ಒಮ್ಮೆ ತಾರಸಿ ಕಡೆ ನೋಡಿ, ತನ್ನ ಚೀಟಿಯಲ್ಲಿ ಏನೋ ಗೀಚಿಕೊಂಡು ಹೋದ.

ಜುಲೈ 11

ಕ್ಲೇಮು ವಜಾ. "ಸರಿಯಾಗಿ ನೋಡಿಕೊಂಡಿಲ್ಲ" ಅಂತೆ! ಮೈಯೆಲ್ಲ ಉರಿದುಹೋಯ್ತು. ಟಾಶಾಗೆ ಹಿಗ್ಗಾಮುಗ್ಗಾ ಬೈದೆ. ಪಾಪ, ಕೇಳಿಸಿಕೊಂಡಳು.

"ಮನೆಯವ್ರೇ ತೊಳೆದಿದ್ರೂ ಪರವಾಗಿಲ್ಲ ಮೇಡಂ. ಕಳೆದ ಮೂರು ವರ್ಷದ್ದು ಏನಾದ್ರೂ ಪುರಾವೆ ಇದ್ಯಾ? ಸೋಮವಾರ ಐದು ಗಂಟೆಯೊಳಗೆ ಕಳಿಸಿ."

"ತಗಡಿನ ಮೇಲೇ ಬರೆದಿದೆ ಕಣಮ್ಮ! ಫೋಟೋ ತೆಗೆದು ಕಳಿಸ್ತೀನಿ ನೋಡು!"

ಆರ್ಲೋಗೆ ಹೇಳಿದೆ. ಖುಷಿಪಡುತ್ತಾನೆ ಅಂದುಕೊಂಡರೆ, "ನೀನು ಏಣಿ ಹತ್ತಬೇಡ ವರ್ನಾ," ಅಂದ. "ಬಿಟ್ಟಾಕು. ಫ್ಯಾನ್ ಸಾಕು."

ಸಾಕಂತೆ! ಚಮಚ ಎತ್ತೋಕೂ ಆಗ್ತಿಲ್ಲ.

ಜುಲೈ 14, ಬೆಳಿಗ್ಗೆ ಆರು

ಬಿಸಿಲಿಗೆ ತಗಡು ಕಾಯುವ ಮೊದಲೇ ತಾರಸಿ ಹತ್ತಿದೆ. ಮುಚ್ಚಳ ಬಿಚ್ಚಿದೆ. ಕಪ್ಪು ಮಾರ್ಕರಿನಲ್ಲಿ ಒಂದರ ಕೆಳಗೊಂದು — ಮಾರ್ಚ್ 2015, ಮಾರ್ಚ್ 2016... ಕೊನೆಯದು 2022. ಅದರ ಕೆಳಗೆ ಬರೀ ತಗಡು.

ಅಂದರೆ ಆಮೇಲೆ ಇವನು ಮೇಲೆ ಹತ್ತೇ ಇಲ್ಲ, ಪ್ರತಿ ಮಾರ್ಚ್ ಅಂಗಳದಲ್ಲೇ ನಿಂತು ಮೈಮೇಲೆ ನೀರು ಬಿಟ್ಟುಕೊಂಡಿದ್ದಾನೆ. ಮೂರು ವರ್ಷ. ನಾನು ನೋಡಲಿ ಅಂತ.

ಅಯ್ಯೋ ನಿನ್ನ. ಸಿಟ್ಟೂ ಬಂತು, ಅಳೂ ಬಂತು.

ಕೆಳಗೆ ಬಾಗಿಲಿಂದ ಕೂಗಿದ. "ವರ್ನಾ... ಕಾಣ್ತಾ?"

"ಕಾಣ್ತು. ಎಲ್ಲಾ ಇದೆ."

ಕೋಲು ಊರುತ್ತಾ ಒಳಗೆ ಹೋದದ್ದು ಕೇಳಿಸಿತು.

ಮಧ್ಯಾಹ್ನ ಮೂರು

ಟಾಶಾ ಫೋನು. ತಾನಾಗೇ ಮಾಡಿದಳು, ಇದೇ ಮೊದಲು. "ಫೋಟೋ ಬಂದಿಲ್ಲ ಮೇಡಂ. ಇನ್ನು ಎರಡೇ ಗಂಟೆ."

ಆರ್ಲೋ ಕುರ್ಚಿಯಿಂದ ಏಳಲು ಎರಡು ಸಲ ನೋಡಿದ. ಆಗಲಿಲ್ಲ.

"ಮಾರ್ಕರ್ ಎಲ್ಲಿಟ್ಟಿದ್ದೀಯ?" ಅಂದೆ. ನನ್ನ ಮುಖ ನೋಡದೆ ಡ್ರಾಯರ್ ತೋರಿಸಿದ.

ಸುಳ್ಳು ಬರೆದವಳಲ್ಲ ನಾನು, ಈ ಡೈರಿಯಲ್ಲೂ. ಈಗ ಇದರ ಅಂಚಿನಲ್ಲೇ ಅವನ ಹಾಗೆ ಅಂಕಿ ಬರೆಯೋದನ್ನ ತಿದ್ದುತ್ತಾ ಕೂತಿದ್ದೀನಿ. ನನ್ನ 3 ಗುಂಡಗೆ, ಅವನದು ತಲೆ ಚಪ್ಪಟೆ. ತಗಡು ಈಗ ಕೆಂಡ. ಒಲೆಯ ಕೈಗವಸು ಹಾಕ್ಕೊಂಡೇ ಹತ್ತಬೇಕು.

ಎದುರಿಗೆ ಕೂತು ನೋಡುತ್ತಿದ್ದಾನೆ. ಈಗ ಬಾಯಿ ಬಿಟ್ಟ.

"ಅಷ್ಟು ನೀಟಾಗಿ ಬೇಡ ವರ್ನಾ. ಸ್ವಲ್ಪ ನಡುಗಿಸಿ ಬರಿ. 2023ರಲ್ಲಿ ಆಗ್ಲೇ ನನ್ನ ಕೈ ನಡುಗ್ತಿತ್ತು."