ಹದಿಮೂರು ಸೇರಿನ ಸೋದರಳಿಯ

ರೋಣ, ೧೨ ಜನವರಿ ೧೯೫೪, ಬೆಳಿಗ್ಗೆ ೬

ಆಸನ ಕಲಿಯಲು ಹಿಡಿದು ಎಂಟನೆಯ ದಿನ. ನೆಲ ಇವತ್ತೂ ದೂರವೇ ಇದೆ. ಇಳಿಯಲು ಗೋಡೆ ಬೇಕು, ಏಳಲು ಹೆಂಡತಿ ಸಕ್ಕೂಬಾಯಿ. ಮೂವತ್ತು ವರ್ಷ ಕುರ್ಚಿಯಲ್ಲಿ ಕೂತು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಾಸ್ತರ ನಾನು. ಈಗ ಮಂಡಿಗಳು ನನ್ನನ್ನು ನಿಲ್ಲಿಸಿವೆ.

ಕಲಿಸುವವನು ಜಮಾಲಸಾಬ. ಗರಡಿಯ ಹಳೆಯ ಉಸ್ತಾದ, ಪ್ರಾಯದಲ್ಲಿ ಯಾವನೋ ಸಾಧುವಿನ ಹತ್ತಿರ ಆಸನ ಕಲಿತವನು. ಪದ್ಮಾಸನದ ಹೆಸರು ಎತ್ತಬೇಡಿ ಅಂದ. ಅಂಗಾತ ಮಲಗಿ ಉಸಿರು ಎಣಿಸುವುದು, ಪಾದ ತಿರುವುವುದು — ಐವತ್ಮೂರರ ವಯಸ್ಸಿಗೆ ಇಷ್ಟೇ. ಶವಾಸನ ಮಾತ್ರ ಮೊದಲ ದಿನವೇ ಬಂತು. ಎಷ್ಟು ಚೆನ್ನಾಗಿ ಅಂದರೆ, ಸಕ್ಕೂಬಾಯಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು.

೧೭ ಜನವರಿ, ರವಿವಾರ

ತಂಗಿ ದೇವವ್ವನ ಕಾಗದ ಮತ್ತೆ ಓದಿದೆ. ಫೆಬ್ರುವರಿ ೨೨, ಸೋಮವಾರ, ಗಜೇಂದ್ರಗಡದ ಗುಡ್ಡದ ಗುಡಿಯಲ್ಲಿ ಕಳಕಪ್ಪನ ಜಾವಳ. ತಂಗಿಗೆ ನಲವತ್ತಕ್ಕೆ ಹುಟ್ಟಿದ ಒಬ್ಬನೇ ಮಗ. ಸೋದರಮಾವ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲ ಕೂದಲು ಕತ್ತರಿಸಬೇಕು. ಚಕ್ಕಳಮಕ್ಕಳ… ಅದರಲ್ಲಿ ಮಕ್ಕಳ ಪಾಲು ಹೋಯಿತು, ನನಗೆ ಉಳಿದದ್ದು ಒಣ ಚಕ್ಕಳ.

ನಾನು ಕೂಡದಿದ್ದರೆ ಅವಳ ಗಂಡನ ಮನೆಯವರು ತಮ್ಮ ಪೈಕಿ ಯಾರನ್ನೋ ಮಾವನೆಂದು ಕೂಡಿಸುತ್ತಾರೆ. ಅಪ್ಪ ಅವ್ವ ಇಲ್ಲದವಳು. ತವರುಮನೆ ಎಂದು ಉಳಿದದ್ದು ನನ್ನ ತೊಡೆಯಷ್ಟು ಜಾಗ.

೩೧ ಜನವರಿ

ಕೂತೆ! ಬರಿ ತೊಡೆಯಲ್ಲಿ.

ಇನ್ನು ಭಾರ ಇಟ್ಟುಕೊಂಡು ಕೂಡಬೇಕಂತೆ. ಕಳಕಪ್ಪ ಹದಿಮೂರು ಸೇರು ತೂಗುತ್ತಾನೆಂದು ದೇವವ್ವ ಬರೆದಿದ್ದಳು. ಸಕ್ಕೂಬಾಯಿ ಅಷ್ಟು ಜೋಳ ತುಂಬಿ ಚೀಲದ ಬಾಯಿ ಕಟ್ಟಿದಳು. ಎಂಟು ಉಸಿರಿಗೆ ಕಾಲು ಸತ್ತವು. ಸೋದರಳಿಯನನ್ನು ಮೂಲೆಗೆ ಒರಗಿಸಿ ಮಲಗಿಬಿಟ್ಟೆ.

೯ ಫೆಬ್ರುವರಿ

ನಲವತ್ತು ಉಸಿರು. ಚೀಲ ದಿನದಿನಕ್ಕೆ ಹಗುರಾಗುತ್ತಿದೆ. ಯೋಗ ಎಂದರೆ ಇದೇ ಇರಬೇಕು. ಹೆಡ್‌ಮಾಸ್ತರರಿಗೂ ಒಂದು ಲೆಕ್ಚರು ಕೊಟ್ಟೆ. ಅವರು ಕುರ್ಚಿ ಬಿಟ್ಟು ಏಳಲಿಲ್ಲ.

೧೬ ಫೆಬ್ರುವರಿ, ಸಂಜೆ

ಜಮಾಲಸಾಬ ಚೀಲವನ್ನು ಒಂದೇ ಕೈಯಲ್ಲಿ ಎತ್ತಿದ. ಅಡಿಗೆಮನೆಯ ಕಡೆ ನೋಡಿದ.

“ಹೌದ್ರಿ, ದಿನಾ ಅರ್ಧ ಸೇರು ತೆಗದೇನಿ,” ಅಂದಳು ಸಕ್ಕೂಬಾಯಿ. “ನಿಮ್ಮ ನರಳಾಟ ಕೇಳಲಾರದ. ಅದ ಜೋಳದ ರೊಟ್ಟಿನ ಉಂಡೀರಿ.”

ಹದಿನಾರು ದಿನ, ಎಂಟು ಸೇರು. ನನ್ನ ಪ್ರಗತಿಯನ್ನು ನಾನೇ ತಿಂದಿದ್ದೆ, ಬೆಣ್ಣೆ ಹಚ್ಚಿಕೊಂಡು.

ಸಿಟ್ಟು ಬರಲಿಲ್ಲ. ಸಿಟ್ಟಿಗೂ ಕಸುವು ಬೇಕು. ಮತ್ತೆ ಹದಿಮೂರು ತುಂಬಿಸಿ ಕೂತೆ. ಹನ್ನೊಂದು ಉಸಿರು.

೨೦ ಫೆಬ್ರುವರಿ

ಹದಿನಾಲ್ಕು ಉಸಿರು. ಬರಲಾರೆ ಎಂದು ದೇವವ್ವನಿಗೆ ಕಾರ್ಡು ಬರೆದೆ. ಅಂಚೆಡಬ್ಬಿಯವರೆಗೆ ನಡೆಯಲು ಮಂಡಿ ಒಪ್ಪಲಿಲ್ಲ. ಕಾರ್ಡು ಜೇಬಿನಲ್ಲಿದೆ.

ಗಜೇಂದ್ರಗಡ, ೨೨ ಫೆಬ್ರುವರಿ, ಸಂಜೆ

ಹಾಕದ ಕಾರ್ಡಿನ ಸಮೇತ ಬಂದೇಬಿಟ್ಟೆ. ಗುಡ್ಡದ ಮೆಟ್ಟಿಲು ಎಣಿಸಲಿಲ್ಲ, ಉಸಿರು ಎಣಿಸಿದೆ. ಮೇಲೆ ಹೋದಮೇಲೆ ದೇವವ್ವನ ಭಾವ ನನ್ನ ನಡಿಗೆ ನೋಡಿ, ಬೇರೆ ಯಾರನ್ನಾದರೂ ಕೂಡಿಸೋಣವೇ ಎಂದು ಕೇಳಿದ. ದೇವವ್ವ ಬಗ್ಗಿ ಕಂಬಳಿಯ ಸುಕ್ಕು ತೀಡಿದಳು. ಕೂತೆ.

ಚೀಲ ಒದೆಯುತ್ತಿರಲಿಲ್ಲ. ಕಳಕಪ್ಪ ಒದ್ದ, ಚೀರಿದ, ನನ್ನ ರುಮಾಲು ಕಿತ್ತ. ಮೊದಲ ಕೂದಲು ಕತ್ತರಿಸಿದೆ. ಉಳಿದದ್ದನ್ನು ನಾವಿದ ಮುಗಿಸುವಷ್ಟರಲ್ಲಿ ಕಳಕಪ್ಪ ಅತ್ತು ಅತ್ತು ನನ್ನ ಎದೆಗೆ ಒರಗಿ ನಿದ್ದೆ ಹೋದ. ಎಲ್ಲರೂ ಊಟಕ್ಕೆ ಎದ್ದರು. ನಾನು ಏಳಲಿಲ್ಲ. ಸೊಂಟದ ಕೆಳಗೆ ನಾನು ಇರಲೇ ಇಲ್ಲ.

ದೇವವ್ವ ಹೆಂಗಸರಿಗೆ ಹೇಳುವುದು ಕೇಳಿಸಿತು — “ಕೂಸು ಎದ್ದೀತಂತ ನಮ್ಮಣ್ಣ ಅಲುಗಾಡವಲ್ಲ ನೋಡ್ರಿ.” ಆ ಹೆಮ್ಮೆಯ ದನಿ ಅವಳ ಮದುವೆಯ ನಂತರ ಕೇಳಿರಲಿಲ್ಲ.

ಆಮೇಲೆ ಬಂದು ಪಕ್ಕದಲ್ಲಿ ಕೂತಳು. ಮೆಲ್ಲಗೆ, “ಕಾಲು ಸತ್ತಾವೇನ, ಅಣ್ಣಾ?”

“ಎರಡೂ.”

“ಕೂಡು. ನಾನೂ ಕೂಡತೀನಿ.”

ಬಹಳ ಹೊತ್ತು ಕೂತೆವು. ಜೇಬಿನ ಕಾರ್ಡು ಕೂಸಿನ ಜೊಲ್ಲಿಗೆ ನೆನೆದು ಮೆತ್ತಗಾಗಿತ್ತು. ಗುಡ್ಡ ಇಳಿಯುವಾಗ ನನ್ನ ತೋಳಿನ ಕೆಳಗೆ ಅವಳ ಹೆಗಲು. ನೋಡಿದವರಿಗೆ ಅಣ್ಣನೇ ತಂಗಿಯನ್ನು ಹಿಡಿದು ಇಳಿಸುತ್ತಿದ್ದಾನೆ ಅನಿಸಿರಬೇಕು. ಹಾಗೆ ಕಾಣಲೆಂದೇ ಅವಳು ಹೆಜ್ಜೆಹೆಜ್ಜೆಗೂ ತಾನೇ ಎಡವಿದಂತೆ ಮಾಡುತ್ತಿದ್ದಳು.